ಎಲೆಯ ಹೆಸರು ಪಡೆದ ಮದ್ದು

ನಮ್ಮ ಹಿರಿಯರ ಕಾಲದ ಊಟದ ಮನೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ಮೊದಲ ಪಂಕ್ತಿಯಲ್ಲಿ ಗಂಡಸರು, ಅವರ ಮಗ್ಗುಲಲ್ಲಿ ಮಕ್ಕಳು. ಬಡಿಸುವವರು ಹೆಂಗಸರು. ಎಲ್ಲರೂ ಕೈತೊಳೆದು ಎದ್ದ ಬಳಿಕ ಅತ್ತೆ, ಕೊಟ್ಟಕೊನೆಗೆ ಸೊಸೆ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆ ಬರಿದಾಗಿರುತ್ತಿತ್ತು. ಮೀನಿನ ಸಾರಿನಲ್ಲಿ ಮೀನು ಉಳಿದಿರುತ್ತಿರಲಿಲ್ಲ. ಉಳಿದ ಅನ್ನಕ್ಕೆ ಉಪ್ಪಿನಕಾಯಿಯ ರಸವೇ ಜೊತೆ. ಸೊಸೆ ಬಸುರಿಯಾಗಿದ್ದಾಗಲೂ ಈ ಕ್ರಮ ಬದಲಾಗುತ್ತಿದ್ದುದು ಅಪರೂಪ. ಅದಕ್ಕೆ ಬದಲಾಗಿ, "ಬಸುರಿ ಹೆಚ್ಚು ಉಂಡರೆ ಮಗು ದೊಡ್ಡದಾಗುತ್ತದೆ, ಹೆರಿಗೆ ಕಷ್ಟವಾಗುತ್ತದೆ" ಎಂಬ ಬುದ್ಧಿಮಾತು ಹಲವು ಮನೆಗಳಲ್ಲಿ ಕೇಳಿಬರುತ್ತಿತ್ತು. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ರೂಢಿ ಹಾಗಿತ್ತು, ಅಷ್ಟೆ.

ಹೀಗೆ ಉಂಡ ಸ್ತ್ರೀಯರ ಮುಖ ಬಿಳಿಚಿಕೊಳ್ಳುತ್ತಿತ್ತು, ಕಾಲು ಊದಿಕೊಳ್ಳುತ್ತಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಾಲದಾಗುತ್ತಿತ್ತು. "ಬಸಿರಿನಲ್ಲಿ ಇದೆಲ್ಲ ಇದ್ದದ್ದೇ" ಎಂದು ಮನೆಯವರು ಸಮಾಧಾನ ಹೇಳುತ್ತಿದ್ದರು. ಆದರೆ ಅದು ಇದ್ದದ್ದೇ ಅಲ್ಲ, ಅದಕ್ಕೊಂದು ಕಾರಣವಿದೆ, ಆ ಕಾರಣ ಊಟದ ತಟ್ಟೆಯಲ್ಲಿದೆ ಎಂಬುದನ್ನು ಜಗತ್ತು ಅರಿತುಕೊಂಡದ್ದು ನಮ್ಮ ನೆರೆಯ ಮುಂಬಯಿ ನಗರದಲ್ಲಿ, ಸುಮಾರು ಒಂದು ಶತಮಾನದ ಹಿಂದೆ. ಇಂದು ಗರ್ಭಿಣಿಯರ ಕೈಗೆ ಆರೋಗ್ಯ ಕೇಂದ್ರಗಳು ಕೊಡುವ ಪುಟ್ಟ ಮಾತ್ರೆಯೊಂದರ ಚರಿತ್ರೆಯೂ ಅಲ್ಲಿಂದಲೇ ಆರಂಭವಾಗುತ್ತದೆ.

ಮುಂಬಯಿಯ ಬಡ ತಾಯಂದಿರು

1920ರ ದಶಕದ ಮುಂಬಯಿ ಹತ್ತಿ ಗಿರಣಿಗಳ ನಗರ. ಕೊಂಕಣದಿಂದ, ದಖ್ಖನಿನಿಂದ, ನಮ್ಮ ಕರಾವಳಿಯಿಂದಲೂ ಜನರು ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋಗುತ್ತಿದ್ದ ಕಾಲವದು. ಕಿರಿದಾದ ಚಾಳುಗಳಲ್ಲಿ ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಅಲ್ಲಿಯ ಆಸ್ಪತ್ರೆಗಳಿಗೆ ಬರುತ್ತಿದ್ದ ಗರ್ಭಿಣಿಯರಲ್ಲಿ ಒಂದು ವಿಚಿತ್ರ ಬಗೆಯ ತೀವ್ರ ರಕ್ತಹೀನತೆ ಕಾಣಿಸಿಕೊಳ್ಳುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣಗಳ ಸಂಖ್ಯೆ ತೀರಾ ಕಡಿಮೆ. ಇದ್ದ ಕಣಗಳು ಮಾತ್ರ ಸಹಜ ಗಾತ್ರಕ್ಕಿಂತ ದೊಡ್ಡವು. ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆಯಲ್ಲಿ ಕಣಗಳು ಚಿಕ್ಕದಾಗುತ್ತವೆ. ಆದುದರಿಂದ ಇದು ಬೇರೆಯೇ ಕಾಯಿಲೆಯೆಂಬುದು ವೈದ್ಯರಿಗೆ ತಿಳಿದಿತ್ತು, ಮದ್ದು ತಿಳಿದಿರಲಿಲ್ಲ. ಎಷ್ಟೋ ತಾಯಂದಿರು ಹೆರಿಗೆಯ ಮುನ್ನ ಇಲ್ಲವೇ ಹೆರಿಗೆಯ ಬೆನ್ನಲ್ಲೇ ಪ್ರಾಣ ಬಿಡುತ್ತಿದ್ದರು.

ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ಡಾ. ಮಾರ್ಗರೇಟ್ ಬಾಲ್ಫರ್ ಈ ಸಾವುಗಳನ್ನು ವಿಧಿಯ ಬರಹವೆಂದು ಒಪ್ಪಿಕೊಳ್ಳಲಿಲ್ಲ. ತಾಯಂದಿರ ಮರಣದ ಕಾರಣಗಳನ್ನು ಕುರಿತು ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲಿ ವಿಚಾರಣೆಯೊಂದು ಆರಂಭವಾಯಿತು. ಅದರಲ್ಲಿ ಪಾಲ್ಗೊಳ್ಳಲು ಅವರು ಲಂಡನ್ನಿನಿಂದ ಕರೆಸಿಕೊಂಡ ವೈದ್ಯೆಯ ಹೆಸರು ಲೂಸಿ ವಿಲ್ಸ್.

ಗಿಡಗಳನ್ನು ಓದಿದ ವೈದ್ಯೆ

ಲೂಸಿ ವಿಲ್ಸ್ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಮೀಪದ ಸಟನ್ ಕೋಲ್ಡ್‌ಫೀಲ್ಡ್ ಎಂಬಲ್ಲಿ. ಕೇಂಬ್ರಿಜ್‌ನ ನ್ಯೂನ್ಹ್ಯಾಮ್ ಕಾಲೇಜಿನಲ್ಲಿ ಅವರು ಓದಿದ್ದು ಸಸ್ಯಶಾಸ್ತ್ರ ಮತ್ತು ಭೂಗರ್ಭಶಾಸ್ತ್ರ. ಸ್ತ್ರೀಯರು ಪರೀಕ್ಷೆಗೆ ಕುಳಿತು ತೇರ್ಗಡೆಯಾದರೂ ಅವರಿಗೆ ಪುರುಷರಂತೆ ಪೂರ್ಣ ಪದವಿ ನೀಡಲು ಆ ವಿಶ್ವವಿದ್ಯಾಲಯ 1948ರವರೆಗೂ ಒಪ್ಪಿರಲಿಲ್ಲ. ಮುಂದೆ ಲೂಸಿ, ಸ್ತ್ರೀಯರಿಗೆ ವೈದ್ಯಶಿಕ್ಷಣ ಕೊಡಲೆಂದೇ ಸ್ಥಾಪನೆಯಾಗಿದ್ದ ಲಂಡನ್ ಸ್ತ್ರೀಯರ ವೈದ್ಯಕೀಯ ಶಾಲೆಯನ್ನು ಸೇರಿ 1920ರಲ್ಲಿ ವೈದ್ಯೆಯಾದರು. ರೋಗಿಗಳಿಗೆ ಔಷಧಿ ಬರೆದುಕೊಡುವುದಕ್ಕಿಂತ ರಕ್ತವನ್ನು ಪರೀಕ್ಷಿಸಿ ಕಾಯಿಲೆಯ ಮೂಲ ಹುಡುಕುವ ಕೆಲಸ ಅವರಿಗೆ ಹೆಚ್ಚು ಪ್ರಿಯವಾಗಿತ್ತು.

1928ರಲ್ಲಿ ಅವರು ಮುಂಬಯಿಗೆ ಬಂದರು. ಆಗ ಅವರಿಗೆ ನಲವತ್ತು ವರ್ಷ. ಮೊದಲು ಮಾಡಿದ ಕೆಲಸ ಬಹಳ ಸರಳವಾದದ್ದು: ಕಾಯಿಲೆ ಯಾರಿಗೆ ಬರುತ್ತಿದೆ, ಯಾರಿಗೆ ಬರುತ್ತಿಲ್ಲ ಎಂದು ವಿಚಾರಿಸಿದರು. ಅನುಕೂಲಸ್ಥ ಮನೆಗಳ ಗರ್ಭಿಣಿಯರಲ್ಲಿ ಈ ಕಾಯಿಲೆ ವಿರಳ. ಗಿರಣಿ ಕೆಲಸಗಾರರಲ್ಲಿ, ಅದರಲ್ಲೂ ತೀರಾ ಬಡ ಮುಸ್ಲಿಂ ಕುಟುಂಬಗಳ ಸ್ತ್ರೀಯರಲ್ಲಿ ಹೆಚ್ಚು. ಅವರು ಏನನ್ನು ಉಣ್ಣುತ್ತಾರೆಂದು ಕೇಳಿ ತಿಳಿದುಕೊಂಡರು. ಯಾರ ಊಟ ಎಲ್ಲಕ್ಕಿಂತ ಕಳಪೆಯಾಗಿತ್ತೋ ಅವರಲ್ಲೇ ಕಾಯಿಲೆಯೂ ಎಲ್ಲಕ್ಕಿಂತ ಹೆಚ್ಚಾಗಿತ್ತು. ಹೊಟ್ಟೆ ತುಂಬುತ್ತಿತ್ತಾದರೂ ಸೊಪ್ಪು, ಹಣ್ಣು, ಹಾಲುಗಳು ಆ ತಟ್ಟೆಗಳಿಗೆ ಅಪರೂಪದ ಅತಿಥಿಗಳು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಬಡವರ ಕಾಯಿಲೆ ಎಂದೊಡನೆ ಕೊಳಕು, ಸೋಂಕು ಎಂದು ಊಹಿಸುವುದು ಆ ಕಾಲದ ವಾಡಿಕೆ. ಲೂಸಿ ಅದನ್ನೂ ಪರಿಶೀಲಿಸಿದರು, ಸೋಂಕು ಕಾರಣವಲ್ಲವೆಂದು ಖಚಿತಪಡಿಸಿಕೊಂಡರು. ಆ ಮೇಲಷ್ಟೇ ಆಹಾರದತ್ತ ತಿರುಗಿದರು.

ಇಲಿ, ಕೋತಿ ಮತ್ತು ಕಂದು ಲೇಹ್ಯ

ಆ ವೇಳೆಗೆ ಜೀವಸತ್ವಗಳ ವಿಚಾರ ವಿಜ್ಞಾನಿಗಳ ನಡುವೆ ಚರ್ಚೆಯಲ್ಲಿತ್ತು. ನೀಲಗಿರಿಯ ಕೂನೂರಿನಲ್ಲಿ ಡಾ. ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಭಾರತದ ಬೇರೆಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ತಿನ್ನಿಸಿ, ಊಟದಿಂದ ದೇಹದ ಬೆಳವಣಿಗೆ ಹೇಗೆ ವ್ಯತ್ಯಾಸಗೊಳ್ಳುತ್ತದೆಂದು ತೋರಿಸುತ್ತಿದ್ದರು. ಲೂಸಿ 1929ರಲ್ಲಿ ಕೆಲವು ತಿಂಗಳು ಅಲ್ಲಿದ್ದು ಕೆಲಸ ಮಾಡಿದರು. ಮುಂಬಯಿಯ ಬಡ ಸ್ತ್ರೀಯರು ಉಣ್ಣುವಂಥದೇ ಆಹಾರವನ್ನು ಇಲಿಗಳಿಗೆ ಕೊಟ್ಟಾಗ ಅವೂ ರಕ್ತಹೀನವಾದವು. ಗಬ್ಬದ ಇಲಿಗಳು ಮರಿ ಹಾಕುವ ಮುನ್ನವೇ ಸತ್ತವು. ಯೀಸ್ಟ್ ಸೇರಿಸಿದಾಗ ಚೇತರಿಕೆ ಕಂಡಿತು. ಕಾರಣ ಸಿಕ್ಕಿತೆಂದು ಯಾರಾದರೂ ಹಿಗ್ಗಬಹುದಾಗಿತ್ತು. ಆದರೆ ಇಲಿಗಳ ಮೈಮೇಲಿನ ಹೇನಿನಿಂದ ಹರಡುವ ಒಂದು ರೋಗಾಣುವೂ ಅವುಗಳ ರಕ್ತವನ್ನು ಕೆಡಿಸುತ್ತಿತ್ತೆಂದು ಮುಂದೆ ತಿಳಿದುಬಂತು. ಇಲಿಗಳ ಸಾಕ್ಷ್ಯ ನೆಚ್ಚತಕ್ಕದ್ದಾಗಿ ಉಳಿಯಲಿಲ್ಲ.

ಅವರು ಕೈಬಿಡಲಿಲ್ಲ. ಮನುಷ್ಯರಿಗೆ ಇನ್ನೂ ಹತ್ತಿರದ ಪ್ರಾಣಿಯಾದ ಕೋತಿಗಳಿಗೆ ಅದೇ ಬಗೆಯ ಆಹಾರ ಕೊಟ್ಟು ನೋಡಿದರು. ಕೋತಿಗಳಲ್ಲಿಯೂ ಅದೇ ರಕ್ತಹೀನತೆ ಕಾಣಿಸಿತು. ಹೀಗೆ ಬಳಲಿದ್ದ ಕೋತಿಗೆ ಮಾರ್ಮೈಟ್ ಎಂಬ ಯೀಸ್ಟಿನ ಸಾರ ಕೊಟ್ಟಾಗ ಅದು ಅಚ್ಚರಿಯಾಗುವಷ್ಟು ಬೇಗ ಚೇತರಿಸಿಕೊಂಡಿತು. ಮಾರ್ಮೈಟ್ ಎಂದರೆ ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡಿದ, ಉಪ್ಪುಪ್ಪಾದ ಕಂದು ಬಣ್ಣದ ಲೇಹ್ಯ. ಇಂಗ್ಲೆಂಡಿನ ಬಡ ಮನೆಗಳಲ್ಲಿಯೂ ಬ್ರೆಡ್ಡಿಗೆ ಸವರಿಕೊಳ್ಳುತ್ತಿದ್ದ ಅಗ್ಗದ ಪದಾರ್ಥ. ಗರ್ಭಿಣಿಯರಿಗೆ ಅದನ್ನು ಕೊಟ್ಟು ನೋಡಿದರು. ಕೆಲವೇ ದಿನಗಳಲ್ಲಿ ಅವರ ರಕ್ತದಲ್ಲಿ ಹೊಸ ಕಣಗಳು ಕಾಣಿಸಿಕೊಂಡವು, ಹಸಿವು ಮರಳಿತು, ಎದ್ದು ಓಡಾಡುವ ಶಕ್ತಿ ಬಂತು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಯೀಸ್ಟಿನಲ್ಲಿದ್ದ ಆ ಗುಣಕಾರಿ ಅಂಶ ಯಾವುದು? ರಕ್ತಹೀನತೆಗೆ ಯಕೃತ್ತಿನ ಚಿಕಿತ್ಸೆ 1926ರಲ್ಲಿಯೇ ಅಮೆರಿಕದಲ್ಲಿ ಆರಂಭವಾಗಿತ್ತು. ಆದರೆ ಆ ಚಿಕಿತ್ಸೆಗೆಂದು ಶುದ್ಧೀಕರಿಸಿದ ಯಕೃತ್ತಿನ ಸಾರ ಈ ಗರ್ಭಿಣಿಯರಿಗೆ ನಾಟಲಿಲ್ಲ. ಶುದ್ಧೀಕರಿಸದ ಸಾರ ನಾಟಿತು. ಎಂದ ಮೇಲೆ, ಶುದ್ಧೀಕರಿಸುವಾಗ ಕಳೆದುಹೋಗುವ ಮತ್ತೊಂದು ಪೋಷಕಾಂಶ ಇರಲೇಬೇಕು. ಹೆಸರಿಲ್ಲದ ಆ ಅಂಶವನ್ನು ವಿಜ್ಞಾನಿಗಳು 'ವಿಲ್ಸ್ ಅಂಶ' ಎಂದೇ ಕರೆದರು.

ನಾಲ್ಕು ಟನ್ ಪಾಲಕ್ ಸೊಪ್ಪು

ಆ ಅಂಶಕ್ಕೆ ಹೆಸರು ಸಿಕ್ಕಿದ್ದು ಹತ್ತು ವರ್ಷಗಳ ಬಳಿಕ. 1941ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ಎಂಬ ಮೂವರು ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅತ್ಯಲ್ಪ ಪ್ರಮಾಣದಲ್ಲಿ ಅದನ್ನು ಬೇರ್ಪಡಿಸಿದರು. ಎಲೆಯಿಂದ ಬಂದದ್ದಾದ್ದರಿಂದ, ಎಲೆ ಎಂಬ ಅರ್ಥದ 'ಫೋಲಿಯಮ್' ಎಂಬ ಲತೀನ್ ಪದವನ್ನು ಹಿಡಿದು 'ಫೋಲಿಕ್ ಆಮ್ಲ' ಎಂದು ಹೆಸರಿಟ್ಟರು. ಕನ್ನಡದಲ್ಲಿ ಹೇಳಬೇಕೆಂದರೆ 'ಸೊಪ್ಪಿನ ಆಮ್ಲ'. ಆಹಾರದಲ್ಲಿ ಸಹಜವಾಗಿ ಇರುವ ಅದರ ರೂಪಗಳನ್ನು ಫೋಲೇಟ್ ಎನ್ನುತ್ತಾರೆ.

ನಾಲ್ಕು ಟನ್ ಸೊಪ್ಪಿನಿಂದ ಚಿಟಿಕೆಯಷ್ಟು ಮದ್ದು ತೆಗೆದರೆ ಜಗತ್ತಿನ ತಾಯಂದಿರಿಗೆ ಅದು ಸಾಲದು. ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸುವ ವಿಧಾನ ಬೇಕಾಗಿತ್ತು. ಆ ಕೆಲಸ ನೆರವೇರಿದ್ದು ಒಬ್ಬ ತೆಲುಗರ ಮುಂದಾಳತ್ವದಲ್ಲಿ. ಯೆಲ್ಲಾಪ್ರಗಡ ಸುಬ್ಬರಾವ್ 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು, ಮದ್ರಾಸಿನಲ್ಲಿ ವೈದ್ಯಶಿಕ್ಷಣ ಪಡೆದವರು. ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಸಹೋದರರನ್ನು ಕಿತ್ತುಕೊಂಡಿತ್ತು. ಸ್ವತಃ ಅವರನ್ನೂ ಕಾಡಿತ್ತು. ಉಷ್ಣ ದೇಶಗಳ ಈ ಕಾಯಿಲೆಯಲ್ಲಿ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಕರುಳಿನ ಒಳಪದರ ಸವೆದು, ಭೇದಿಯಾಗಿ, ನಾಲಿಗೆ ಹುಣ್ಣಾಗಿ, ರೋಗಿ ದಿನೇದಿನೇ ಸೊರಗುತ್ತಾನೆ. ಫೋಲೇಟ್ ಹೀರಿಕೆಯಾಗದೆ ರಕ್ತಕಣಗಳೂ ಮುಂಬಯಿಯ ಗರ್ಭಿಣಿಯರಲ್ಲಿ ಕಂಡಂತೆಯೇ ದೊಡ್ಡದಾಗುತ್ತವೆ.

ಸುಬ್ಬರಾವ್ 1920ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ, ಹಾರ್ವರ್ಡ್‌ನಲ್ಲಿ ಸಂಶೋಧನೆ ನಡೆಸಿ, 1940ರಲ್ಲಿ ಲೆಡರ್ಲೆ ಎಂಬ ಔಷಧ ತಯಾರಿಕಾ ಸಂಸ್ಥೆಯನ್ನು ಸೇರಿದರು. ಅವರ ನೇತೃತ್ವದ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ತಮ್ಮ ಮನೆಯನ್ನು ಸುಟ್ಟ ಕಾಯಿಲೆಗೆ ಅವರಿಂದಲೇ ಮದ್ದು ದೊರಕಿದಂತಾಯಿತು. ಅದು ಸ್ಪ್ರೂ ರೋಗಿಗಳಿಗೂ ಗರ್ಭಿಣಿಯರಿಗೂ ಸಮಾನವಾಗಿ ಗುಣ ನೀಡಿತು. 1948ರಲ್ಲಿ ಸುಬ್ಬರಾವ್ ತೀರಿಕೊಂಡರು. ಅವರ ಹೆಸರು ಅವರ ನಾಡಿನ ಶಾಲಾಪುಸ್ತಕಗಳಲ್ಲೂ ಇರಬೇಕಾದಷ್ಟು ಇಲ್ಲ.

ಅಂದಹಾಗೆ, 1960ರ ದಶಕದ ಆರಂಭದಲ್ಲಿ ವೆಲ್ಲೂರಿನ ಸುತ್ತಣ ಹಳ್ಳಿಗಳಲ್ಲಿ ಸ್ಪ್ರೂ ಸಾಂಕ್ರಾಮಿಕದಂತೆ ಹಬ್ಬಿದಾಗ, ಅದನ್ನು ಹಳ್ಳಿಹಳ್ಳಿಗೆ ಹೋಗಿ ಅಧ್ಯಯನ ಮಾಡಿದವರು ಅಲ್ಲಿಯ ಕ್ರೈಸ್ತ ವೈದ್ಯಕೀಯ ಕಾಲೇಜಿನ ವೈದ್ಯರು. ಒಳ್ಳೆಯ ಊಟ ಎಷ್ಟು ಮುಖ್ಯವೋ ಅದನ್ನು ಅರಗಿಸಿಕೊಳ್ಳುವ ಕರುಳೂ ಅಷ್ಟೇ ಮುಖ್ಯ ಎಂಬ ಪಾಠವನ್ನು ಈ ಕಾಯಿಲೆ ಕಲಿಸಿತು.

ತಾಯಿಗೆ ತಿಳಿಯುವ ಮುನ್ನವೇ

ಇಲ್ಲಿಗೆ ಕಥೆ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಫೋಲಿಕ್ ಆಮ್ಲ ತಾಯಿಯ ರಕ್ತವನ್ನು ಸರಿಪಡಿಸುತ್ತದೆ, ಅಷ್ಟೇ ಅದರ ಕೆಲಸ ಎಂಬುದು ತಿಳಿವಳಿಕೆ. ಆದರೆ ಮಗುವಿನ ಮೇಲೂ ಅದರ ಪ್ರಭಾವವಿದೆಯೆಂಬ ಸಂಶಯವನ್ನು 1965ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಹಿಬಾರ್ಡ್ ಮತ್ತು ಸ್ಮಿಥೆಲ್ಸ್ ಎಂಬ ವೈದ್ಯರು ಎತ್ತಿದರು. ಮೆದುಳು ಅಥವಾ ಬೆನ್ನುಹುರಿ ಪೂರ್ಣವಾಗಿ ರೂಪುಗೊಳ್ಳದೆ ಹುಟ್ಟಿದ ಮಕ್ಕಳ ತಾಯಂದಿರಲ್ಲಿ ಫೋಲೇಟಿನ ಬಳಕೆಯಲ್ಲಿ ದೋಷ ಕಂಡುಬಂದಿತ್ತು.

ಭ್ರೂಣದ ಬೆನ್ನಿನಲ್ಲಿ ಮೊದಲು ಒಂದು ಮಡಿಕೆ ಉಂಟಾಗಿ, ಅದರ ಎರಡು ಅಂಚುಗಳು ಕೂಡಿಕೊಂಡು ಕೊಳವೆಯಾಗುತ್ತದೆ. ಇದನ್ನು ನರನಾಳ ಎನ್ನುತ್ತಾರೆ. ಮೆದುಳೂ ಬೆನ್ನುಹುರಿಯೂ ಬೆಳೆಯುವುದು ಇದರಿಂದಲೇ. ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಈ ಕೊಳವೆ ಮುಚ್ಚಿಕೊಳ್ಳಬೇಕು. ಜೀವಕೋಶಗಳು ಬಹು ವೇಗದಲ್ಲಿ ವಿಭಜನೆಯಾಗುವ ಈ ಅವಧಿಯಲ್ಲಿ ಫೋಲೇಟಿನ ಅಗತ್ಯ ಬಹಳ. ಮುಚ್ಚಿಕೊಳ್ಳದೆ ತೆರೆದೇ ಉಳಿದರೆ ಮಗು ಬೆನ್ನುಹುರಿಯ ದೋಷದಿಂದ ಕಾಲುಗಳ ಬಲವಿಲ್ಲದೆ ಹುಟ್ಟಬಹುದು, ಇಲ್ಲವೇ ಬದುಕುಳಿಯದೆ ಹೋಗಬಹುದು. 28 ದಿನಗಳೆಂದರೆ ಎಷ್ಟೋ ಸ್ತ್ರೀಯರಿಗೆ ತಾವು ಗರ್ಭಿಣಿಯೆಂಬ ಸುಳಿವೂ ಸರಿಯಾಗಿ ಸಿಕ್ಕಿರದ ಕಾಲ. ಮನೆಯವರಿಗೆ ಸಿಹಿಸುದ್ದಿ ಮುಟ್ಟುವ ಹೊತ್ತಿಗೆ ಆ ಬಾಗಿಲು ಮುಚ್ಚಿಯಾಗಿರುತ್ತದೆ.

ಈ ಸಂಶಯ ನಿಶ್ಚಯವಾಗಲು ಇನ್ನೂ 26 ವರ್ಷಗಳು ಬೇಕಾದವು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 7 ದೇಶಗಳ 33 ಕೇಂದ್ರಗಳಲ್ಲಿ ದೊಡ್ಡ ಪರೀಕ್ಷೆಯೊಂದನ್ನು ನಡೆಸಿತು. ಹಿಂದೆ ಇಂಥ ದೋಷವಿದ್ದ ಮಗುವನ್ನು ಹೆತ್ತಿದ್ದ 1817 ಸ್ತ್ರೀಯರು ಅದರಲ್ಲಿ ಪಾಲ್ಗೊಂಡರು. ಮತ್ತೆ ಗರ್ಭ ಧರಿಸುವ ಮುನ್ನವೇ ಕೆಲವರಿಗೆ ಫೋಲಿಕ್ ಆಮ್ಲ ಕೊಡಲಾಯಿತು, ಕೆಲವರಿಗೆ ಕೊಡಲಿಲ್ಲ. ಫೋಲಿಕ್ ಆಮ್ಲ ಪಡೆದವರಲ್ಲಿ 6 ಗರ್ಭಗಳಲ್ಲಿ ಮಾತ್ರ ದೋಷ ಮರುಕಳಿಸಿದರೆ, ಪಡೆಯದವರಲ್ಲಿ 21 ಗರ್ಭಗಳಲ್ಲಿ ಮರುಕಳಿಸಿತು. ಅಪಾಯ ನೂರಕ್ಕೆ 72ರಷ್ಟು ತಗ್ಗಿತ್ತು. ಉಳಿದವರಿಂದ ಮದ್ದನ್ನು ತಡೆಹಿಡಿಯುವುದು ಇನ್ನು ನ್ಯಾಯವಲ್ಲವೆಂದು ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿ, 1991ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 1998ರಿಂದ ಅಮೆರಿಕವು ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವುದನ್ನು ಕಡ್ಡಾಯಗೊಳಿಸಿತು. ಲೂಸಿಯವರ ಸ್ವಂತ ದೇಶವಾದ ಬ್ರಿಟನ್ ಹಾಗೆ ಮಾಡಬೇಕೆಂದು ತೀರ್ಮಾನಿಸಿದ್ದು 2021ರಲ್ಲಿ!

ಈ ಯಾವುದನ್ನೂ ನೋಡಲು ಲೂಸಿ ವಿಲ್ಸ್ ಇರಲಿಲ್ಲ. ಅವರು 1964ರ ಏಪ್ರಿಲ್ 16ರಂದೇ ತೀರಿಕೊಂಡಿದ್ದರು.

ಒಂದು ಮಾತ್ರೆಯಿಂದಲೇ ಎಲ್ಲವೂ ಅಲ್ಲ

ಆದರೆ ಈ ಚರಿತ್ರೆಯಿಂದ 'ಮಾತ್ರೆ ಇದೆ, ಇನ್ನು ಚಿಂತೆಯಿಲ್ಲ' ಎಂಬ ಪಾಠವನ್ನು ನಾವು ಕಲಿತರೆ ಅದು ಅರ್ಧ ಪಾಠ. ಎರಡು ಎಚ್ಚರಿಕೆಗಳನ್ನು ವೈದ್ಯಲೋಕ ಬೇಗನೆ ಕಂಡುಕೊಂಡಿತು.

ಮೊದಲನೆಯದು, ಬಿ12 ಜೀವಸತ್ವದ ಕೊರತೆ. ಇದರಿಂದಲೂ ರಕ್ತಕಣಗಳು ದೊಡ್ಡದಾಗುತ್ತವೆ. ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಆದರೆ ಒಳಗೊಳಗೇ ನರಗಳು ಹಾಳಾಗುತ್ತಾ ಹೋಗಬಹುದು. ಬಿ12 ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ಗರ್ಭಿಣಿಯರ ಆಹಾರವನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಫೋಲೇಟ್ ಹೆಚ್ಚಾಗಿದ್ದು ಬಿ12 ಕಡಿಮೆಯಿದ್ದ ತಾಯಂದಿರ ಮಕ್ಕಳು ಗರ್ಭದ ಅವಧಿಗೆ ತಕ್ಕಷ್ಟು ಬೆಳೆಯದೆ ಚಿಕ್ಕದಾಗಿ ಹುಟ್ಟುವ ಸಂಭವ ಹೆಚ್ಚೆಂಬ ಸಂಗತಿ ಕಂಡುಬಂತು. ದೇಹಕ್ಕೆ ಬೇಕಾದದ್ದು ಒಂದೇ ಅಂಶದ ಹೆಚ್ಚಳವಲ್ಲ, ಸಮತೋಲ.

ಎರಡನೆಯದು, ಕೆಲವರ ಕರುಳಿಗೆ ಕೆಲವು ಆಹಾರ ಒಗ್ಗದಿರುವುದು. ಇದರ ಚರಿತ್ರೆಯೂ ಒಂದು ಹಸಿವಿನ ಕಾಲದಿಂದಲೇ ಸ್ಪಷ್ಟವಾಯಿತು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944-45ರಲ್ಲಿ, ಹಾಲೆಂಡಿನಲ್ಲಿ ಭೀಕರ ಕ್ಷಾಮ ಉಂಟಾಗಿ ಬ್ರೆಡ್ಡೇ ಸಿಗದಾಯಿತು. ಹೇಗ್ ನಗರದ ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರಿಗೆ, ಸೀಲಿಯಾಕ್ ಎಂಬ ಕರುಳಿನ ಕಾಯಿಲೆಗೆ ಗೋಧಿಯೇ ಕಾರಣವಿರಬಹುದೆಂಬ ಸಂಶಯ ಅದಕ್ಕೂ ಮೊದಲೇ ಇತ್ತು. ಗೋಧಿಯಿಲ್ಲದ ಆ ತಿಂಗಳುಗಳಲ್ಲಿ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಸೊರಗಿದರು. 1950ರಲ್ಲಿ ಅವರು ತಮ್ಮ ಪ್ರಬಂಧದಲ್ಲಿ ಇದನ್ನು ಸ್ಥಾಪಿಸಿದರು. ಸೀಲಿಯಾಕ್ ಇರುವವರಲ್ಲಿ ಗೋಧಿಯ ಗ್ಲುಟೆನ್ ಕರುಳಿನ ಪದರವನ್ನು ಸವೆಸುವುದರಿಂದ ಕಬ್ಬಿಣವೂ ಫೋಲೇಟೂ ಹೀರಿಕೆಯಾಗುವುದಿಲ್ಲ. ಎಷ್ಟು ಮಾತ್ರೆ ನುಂಗಿದರೂ ರಕ್ತಹೀನತೆ ನೀಗದಿದ್ದರೆ ವೈದ್ಯರು ಇದನ್ನೂ ಪರೀಕ್ಷಿಸುವುದುಂಟು. ಹಾಗೆಂದು ಯಾರದೋ ಮಾತು ಕೇಳಿ ಎಲ್ಲರೂ ಗೋಧಿ ಬಿಡಬೇಕಾಗಿಲ್ಲ. ಪರೀಕ್ಷೆಗೆ ಮುನ್ನವೇ ಬಿಟ್ಟರೆ ಕಾಯಿಲೆ ಪತ್ತೆಯಾಗುವುದೂ ಕಷ್ಟವಾಗುತ್ತದೆ.

ನಮ್ಮ ಅಡುಗೆಮನೆಗೆ ಬರೋಣ

ನಮ್ಮ ದೇಶ ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚುವ ಕಾರ್ಯಕ್ರಮವನ್ನು 1970ರಲ್ಲಿಯೇ ಆರಂಭಿಸಿತು. 2018ರ 'ರಕ್ತಹೀನತೆ ಮುಕ್ತ ಭಾರತ' ಯೋಜನೆಯಂತೆ ಗರ್ಭಧಾರಣೆಗೆ ಮೊದಲೇ ಆರಂಭಿಸಿ ಮೊದಲ 12 ವಾರ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಆ ಬಳಿಕ 180 ದಿನ ಕಬ್ಬಿಣದೊಂದಿಗೆ 500 ಮೈಕ್ರೋಗ್ರಾಂ ಕೊಡಬೇಕು. ಕರ್ನಾಟಕದಲ್ಲಿ 2017ರಲ್ಲಿ 'ಮಾತೃಪೂರ್ಣ' ಯೋಜನೆ ಆರಂಭವಾಗಿ ಅಂಗನವಾಡಿಯಲ್ಲಿಯೇ ಗರ್ಭಿಣಿಯರಿಗೆ ಬಿಸಿಯೂಟ ಬಡಿಸುವ ಏರ್ಪಾಡಾಯಿತು. ಇಷ್ಟಾಗಿಯೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರಾಗಿದ್ದರು. ಮಾತ್ರೆ ಕಂಡುಹಿಡಿದು ಮುಕ್ಕಾಲು ಶತಮಾನ ಕಳೆದ ಮೇಲೆ ಬಂದ ಲೆಕ್ಕವಿದು.

ಕಾರಣಗಳು ದೂರದಲ್ಲಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಲಬದ್ಧತೆ ಕಾಡುತ್ತದೆ. ಗರ್ಭಾವಸ್ಥೆಯಲ್ಲಿ ಕರುಳಿನ ಚಲನೆಯೇ ನಿಧಾನವಾಗಿರುವುದರಿಂದ ಈ ತೊಂದರೆ ಇನ್ನಷ್ಟು ಹೆಚ್ಚು. ಹೆದರಿದ ಹೆಣ್ಣುಮಗಳು ಯಾರಿಗೂ ಹೇಳದೆ ಮಾತ್ರೆಯನ್ನು ಬಿಸಾಡುತ್ತಾಳೆ. "ಮಲ ಕಪ್ಪಾಗುವುದು ಮಾತ್ರೆಯಿಂದ, ಭಯವಿಲ್ಲ ಮಗಳೇ. ತೊಳಸಿದರೆ ರಾತ್ರಿ ಊಟದ ಬಳಿಕ ತಗೋ, ನೀರು ಹೆಚ್ಚು ಕುಡಿ, ಕಾಳು ಸೊಪ್ಪು ತಿನ್ನು" ಎಂದು ಮನೆಯ ಹಿರಿಯಳು ಹೇಳಿದರೆ ಅರ್ಧ ತೊಡಕು ಪರಿಹಾರವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ವೈದ್ಯರು ಬೇರೆ ಬಗೆಯ ಮಾತ್ರೆ ಕೊಡಬಲ್ಲರು; ಬಿಸಾಡುವುದು ಮಾತ್ರ ಪರಿಹಾರವಲ್ಲ. ಊಟದ ಬೆನ್ನಿಗೇ ಚಹಾ, ಕಾಫಿ ಕುಡಿಯುವ ಅಭ್ಯಾಸ ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ. ಪಲ್ಯಕ್ಕೆ ಹಿಂಡಿದ ನಿಂಬೆಯ ರಸ ಅದನ್ನು ಹೆಚ್ಚಿಸುತ್ತದೆ. ಒಂದು ಲೋಟ ಕಾಫಿಯನ್ನು ಒಂದೆರಡು ಗಂಟೆ ಮುಂದೂಡುವುದು ದೊಡ್ಡ ತ್ಯಾಗವೇನಲ್ಲ.

ಫೋಲೇಟಿನ ವಿಷಯಕ್ಕೆ ಬಂದರೆ ನಮ್ಮ ನಾಡು ಬಡವಾಗಿಲ್ಲ. ಹರಿವೆ, ಪಾಲಕ್, ಮೆಂತ್ಯ, ನುಗ್ಗೆ ಸೊಪ್ಪು, ಹೆಸರುಕಾಳು, ಅಲಸಂದೆ, ಕಡಲೆ, ಕಡಲೆಕಾಯಿ ಎಲ್ಲದರಲ್ಲಿಯೂ ಅದು ಇದೆ. ಆದರೆ ಅದು ಸೂಕ್ಷ್ಮ ಪದಾರ್ಥ. ನೀರಿನಲ್ಲಿ ಕರಗುತ್ತದೆ, ಬಹಳ ಹೊತ್ತಿನ ಬೇಯುವಿಕೆಯಲ್ಲಿ ನಾಶವಾಗುತ್ತದೆ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆದು, ಗಂಟೆಗಟ್ಟಲೆ ಬೇಯಿಸಿ, ನೀರನ್ನು ಬಸಿದು ಚೆಲ್ಲಿದರೆ ಮದ್ದು ಬಚ್ಚಲಿಗೆ ಹೋಗಿ ನಾರು ನಮ್ಮ ತಟ್ಟೆಗೆ ಬರುತ್ತದೆ. ಹಳೆ ಮೈಸೂರಿನ ಬಸ್ಸಾರು ಮಾಡುವ ತಾಯಂದಿರು ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಅದರಲ್ಲಿಯೇ ಸಾರು ಕಾಯಿಸುತ್ತಾರೆ. ನೀರಿನಲ್ಲಿ ಕರಗಿದ ಸತ್ವ ಮರಳಿ ಊಟಕ್ಕೇ ಬರುತ್ತದೆ. ಫೋಲೇಟ್ ಎಂಬ ಹೆಸರು ಹುಟ್ಟುವ ಎಷ್ಟೋ ಕಾಲಕ್ಕೆ ಮೊದಲೇ ಮಿತವ್ಯಯಕ್ಕಾಗಿ ಹುಟ್ಟಿದ ಈ ಅಡುಗೆ ಅದನ್ನು ಕಾಪಾಡುತ್ತಿತ್ತು.

ಮೇಲಿನ ಚರಿತ್ರೆಯಿಂದ ಕುಟುಂಬಗಳು ಗ್ರಹಿಸಬೇಕಾದ ಮುಖ್ಯ ಸಂಗತಿಯೆಂದರೆ ಕಾಲದ ಲೆಕ್ಕ. ಸೊಸೆ ಬಸುರಿಯೆಂದು ತಿಳಿದ ದಿನ ಹಣ್ಣಿನ ಬುಟ್ಟಿ ತರುವುದು ಒಳ್ಳೆಯದೇ. ಆದರೆ ಮಗುವಿನ ಬೆನ್ನುಹುರಿಯ ಮಟ್ಟಿಗೆ ಅದು ತಡ. ಮದುವೆ ನಿಶ್ಚಯವಾದ ಮಗಳ ಒಡವೆ, ಸೀರೆಗಳ ಪಟ್ಟಿ ಮಾಡುವ ತಾಯಿ, ಅವಳ ರಕ್ತಪರೀಕ್ಷೆಯನ್ನೂ ಫೋಲಿಕ್ ಆಮ್ಲದ ಮಾತನ್ನೂ ಆ ಪಟ್ಟಿಗೆ ಸೇರಿಸಬಹುದು. ಈ ಹಿಂದೆ ನರನಾಳದ ದೋಷವಿದ್ದ ಮಗುವನ್ನು ಹೆತ್ತವರಿಗೆ ಮಾತ್ರೆಯ ಪ್ರಮಾಣ ಬೇರೆಯೇ ಇರುವುದರಿಂದ ಅಂಥವರು ಮುಂದಿನ ಗರ್ಭಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ಹಾಗೆಯೇ, ಅಂಥ ಮಗು ಹುಟ್ಟಿದ ಮನೆಯಲ್ಲಿ "ನೀನು ಏನು ತಿಂದೆ, ಏನು ತಿನ್ನಲಿಲ್ಲ" ಎಂದು ತಾಯಿಯನ್ನು ಯಾರೂ ದೂರಬಾರದು. ಚೆನ್ನಾಗಿ ಉಂಡವರಲ್ಲೂ ಈ ದೋಷ ಬರುವುದುಂಟು. ಮದ್ದು ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ಮುಂಬಯಿಯ ಆ ಗರ್ಭಿಣಿಯರ ಹೆಸರುಗಳು ಎಲ್ಲಿಯೂ ಉಳಿದಿಲ್ಲ. ಅವರಲ್ಲಿ ಕೆಲವರು ಬದುಕಿದರು, ಅನೇಕರು ಸತ್ತರು. ಅವರ ತಟ್ಟೆಯಲ್ಲಿ ಏನಿಲ್ಲವೆಂದು ಒಬ್ಬ ವೈದ್ಯೆ ಕುಳಿತು ಕೇಳಿದ್ದರಿಂದ ಜಗತ್ತಿನ ಲಕ್ಷಾಂತರ ತಾಯಂದಿರಿಗೂ ಮಕ್ಕಳಿಗೂ ಉಪಕಾರವಾಯಿತು. ಅದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕೇಳಲು ಪ್ರಯೋಗಶಾಲೆ ಬೇಕಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಬಡಿಸುವವಳು ಉಣ್ಣುವ ಹೊತ್ತಿಗೆ ಸೊಪ್ಪಿನ ಪಾತ್ರೆಯಲ್ಲಿ ಏನಾದರೂ ಉಳಿದಿದೆಯೇ ಎಂದು ಒಮ್ಮೆ ಇಣುಕಿ ನೋಡೋಣ. ಅದಕ್ಕಿಂತಲೂ ಮೇಲಾದುದು, ಅವಳನ್ನೂ ನಮ್ಮೊಡನೆಯೇ ಕೂರಿಸಿಕೊಂಡು ಮೊದಲ ಸೌಟನ್ನು ಅವಳ ತಟ್ಟೆಗೆ ಹಾಕುವುದು.